ಬರೆದ ಹಾಗೇ ಕೊಡು

ಗಟ್ಟಿಮುಟ್ಟಾದ ಮುದುಕರನ್ನು ಕಂಡರೆ ಜನಕ್ಕೊಂದು ಭ್ರಮೆ. ಬೆನ್ನು ನೆಟ್ಟಗಿದ್ದರೆ ತಲೆಯೂ ನೆಟ್ಟಗಿರಲೇಬೇಕು ಅಂದುಕೊಂಡುಬಿಡುತ್ತಾರೆ. ಡಾಕ್ಟರ ವಿಷಯದಲ್ಲಿ ಇಡೀ ಬೀದಿ ಹಾಗೆಯೇ ಅಂದುಕೊಂಡಿತ್ತು. ಎಪ್ಪತ್ತನಾಲ್ಕು ವಯಸ್ಸಾದರೂ ಗುಂಡುಕಲ್ಲಿನಂಥ ಮೈ. ಬೆಳಗ್ಗೆ ಐದೂವರೆಗೆ ಎದ್ದು ನಾಲ್ಕು ಕಿಲೋಮೀಟರ್ ನಡೆದು, ತಣ್ಣೀರಲ್ಲಿ ಸ್ನಾನ ಮಾಡಿ, ಎಂಟೂವರೆಗೆ ಸರಿಯಾಗಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತಿದ್ದರು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಕನ್ನಡಕ ಬಿಟ್ಟರೆ ಮೈಮೇಲೆ ಬೇರೆ ರಿಪೇರಿಯೇ ಇಲ್ಲ. "ಮನೇಲಿ ಕೂತವನು ಮೂರು ವರ್ಷಕ್ಕೆ ಹೋಗ್ತಾನೆ, ಕೆಲಸ ಮಾಡೋನು ನೂರು ವರ್ಷ ಬಾಳ್ತಾನೆ" ಎಂದು ಬಂದ ರೋಗಿಗಳಿಗೆಲ್ಲ ಹೇಳುತ್ತಿದ್ದರು. ಅವರ ಎದೆಯ ಮೇಲೆ ಸ್ಟೆಥೊಸ್ಕೋಪ್ ಇಟ್ಟು ನೋಡಿದ್ದರೆ ಯಾವ ಡಾಕ್ಟರಾದರೂ ಅದನ್ನು ಒಪ್ಪುತ್ತಿದ್ದ.

ಆದರೆ ಅವರು ಬರೆಯುವ ಚೀಟಿಗಳು ಬೇರೆ ಕಥೆ ಹೇಳುತ್ತಿದ್ದವು. ಆ ಕಥೆ ಲೋಕದಲ್ಲಿ ಒಬ್ಬನೇ ಒಬ್ಬನಿಗೆ ಗೊತ್ತಿತ್ತು. ಅವನೇ ಕಾಂಪೌಂಡರ್.

ಕಾಂಪೌಂಡರ್‌ಗೆ ಅರವತ್ತಾರು. ಆ ಕ್ಲಿನಿಕ್ಕಿನಲ್ಲಿ ಮೂವತ್ತೆಂಟು ವರ್ಷ ಕಳೆದಿದ್ದ. ಡಾಕ್ಟರ ಕೋಣೆಗೂ ಔಷಧದ ಕೋಣೆಗೂ ನಡುವೆ ಒಂದು ಗೋಡೆ, ಆ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಡಾಕ್ಟರು ರೋಗಿಯನ್ನು ನೋಡಿ, ಚೀಟಿ ಬರೆದು, ಕಿಂಡಿಯಲ್ಲಿ ದೂಡುತ್ತಿದ್ದರು. ಕಾಂಪೌಂಡರ್ ಅದನ್ನು ಓದಿ, ಮಾತ್ರೆ ಎಣಿಸಿ, ಕಾಗದದ ಕವರಿಗೆ ಹಾಕಿ, ಮೇಲೆ ಬೆಳಗ್ಗೆ ಎಷ್ಟು ಸಂಜೆ ಎಷ್ಟು ಎಂದು ಬರೆದು, ಬೀದಿಯ ಕಡೆಗಿನ ಕೌಂಟರಿನಲ್ಲಿ ರೋಗಿಯ ಕೈಗೆ ಕೊಡುತ್ತಿದ್ದ. ಡಾಕ್ಟರ ಅಕ್ಷರ ಎಂದರೆ ಇರುವೆ ಹರಿದ ಹಾಗೆ ಎಂಬ ಹಳೆಯ ತಮಾಷೆ ಇವರಿಗೆ ಒಪ್ಪುವುದಿಲ್ಲ. ಇವರದು ದುಂಡನೆಯ, ಮಗು ಕೂಡ ಓದುವಂಥ ಅಕ್ಷರ. ತಪ್ಪು ಬರೆದಾಗಲೂ ಅಷ್ಟೇ ದುಂಡಗೆ ಬರೆಯುತ್ತಿದ್ದರು ಎಂಬುದೇ ಗೋಳು.

ಮೊದಲನೆಯ ತಪ್ಪು ಮೂರು ವರ್ಷದ ಹಿಂದೆ ಬಂತು. ಜ್ವರ ಬಂದ ಪುಟ್ಟ ಮಗುವಿಗೆ ದೊಡ್ಡವರ ಪ್ರಮಾಣ. ಕಾಂಪೌಂಡರ್ ಚೀಟಿ ಹಿಡಿದು ಬಾಗಿಲ ತನಕ ಹೋದ. ಒಳಗೆ ಡಾಕ್ಟರು ಅದೇ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಅದರ ನಾಲಿಗೆ ನೋಡಲು ತಮ್ಮ ನಾಲಿಗೆಯನ್ನೂ ಚಾಚಿ ಆಟವಾಡುತ್ತಿದ್ದರು. ತಾಯಿ ನಗುತ್ತಿದ್ದಳು. ಅವಳ ಎದುರಿಗೆ ಹೇಗೆ ಹೇಳುವುದು? ಅವನು ವಾಪಸ್ಸು ಬಂದು, ಹೊಸ ಚೀಟಿಯಲ್ಲಿ ಸರಿಯಾದ ಪ್ರಮಾಣ ಬರೆದುಕೊಂಡು, ಹಳೆಯದನ್ನು ಹರಿದು ಬುಟ್ಟಿಗೆ ಹಾಕಿದ. ಒಂದು ಸಲ ಯಾರಿಗಾದರೂ ಆಗುತ್ತದೆ ಅಂದುಕೊಂಡ.

ಎರಡು ತಿಂಗಳಿಗೆ ಇನ್ನೊಂದು ಬಂತು. ಆಮೇಲೆ ತಿಂಗಳಿಗೊಂದು, ಆಮೇಲೆ ವಾರಕ್ಕೊಂದು. ಒಂದೇ ಬೆಳಗ್ಗೆ ಮೂರು ಸಲ "ನಿನ್ನ ಹೆಂಡ್ತಿ ಮಂಡಿ ನೋವು ಹೇಗಿದೆಯಪ್ಪಾ?" ಎಂದು ಕೇಳಿದರು. ಮೂರು ಸಲವೂ ಕಾಂಪೌಂಡರ್ "ಪರವಾಗಿಲ್ಲ ಸಾರ್" ಅಂದ, ಮೊದಲನೇ ಸಲ ಕೇಳುತ್ತಿರುವಂತೆ ಮುಖ ಮಾಡಿಕೊಂಡು. ಇಷ್ಟು ಹೊತ್ತಿಗೆ ಚೀಟಿ ತಿದ್ದುವುದು ಅವನಿಗೆ ಮಾತ್ರೆ ಎಣಿಸಿದಷ್ಟೇ ಸಲೀಸಾಗಿತ್ತು. ಇದನ್ನು ಅವನು ಉಪಕಾರ ಅಂದುಕೊಂಡಿದ್ದ. ಕನ್ನಡಿಗೆ ಬಟ್ಟೆ ಮುಚ್ಚಿದರೆ ಮುಖ ಚೆಂದವಾಗುತ್ತದೆಯೇ? ಅಷ್ಟು ವಿವೇಕ ಅವನಿಗೆ ಇರಲಿಲ್ಲವೆಂದಲ್ಲ. ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಬಾಯಿ ಬಾರದಿರಲು ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಗಾರೆ ಕೆಲಸದವನೊಬ್ಬನ ಹೆಂಡತಿಗೆ ಕಣ್ಣಿನ ಹನಿಯ ಬದಲು ಕಿವಿಯ ಹನಿ ಕೊಟ್ಟಿದ್ದ. ಆಕೆಯ ಕಣ್ಣು ಊದಿಕೊಂಡಿತು. ಗಂಡ ಕೈಯಲ್ಲಿ ಸಲಾಕೆ ಹಿಡಿದು ಬಂದ. ಡಾಕ್ಟರು ಎದ್ದು ಬಂದು, "ತಪ್ಪು ನಂದು. ನಾನು ಬರೆದದ್ದನ್ನ ಅವನು ಕೊಟ್ಟ" ಎಂದು ಸುಳ್ಳು ಹೇಳಿದರು. ಬೈಗುಳವನ್ನೆಲ್ಲ ತಾವೇ ತಿಂದರು. ಕಣ್ಣು ವಾಸಿಯಾಯಿತು. ಕಾಂಪೌಂಡರ್‌ಗೆ ಅವರು ಆಡಿದ್ದು ಒಂದೇ ಮಾತು: "ಸೀಸೆ ಎರಡು ಸಲ ಓದು." ಅಂಥ ಮನುಷ್ಯನ ಮುಂದೆ ನಿಂತು ನಿಮ್ಮ ತಲೆ ಕೆಡುತ್ತಿದೆ ಎಂದು ಹೇಳುವುದು ಹೇಗೆ? ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡವನ ಸ್ಥಿತಿ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅತ್ತ ಅವನ ಕಾಲುಗಳು ಹೋಗುತ್ತಿದ್ದವು. ದಿನಕ್ಕೆ ಒಂಬತ್ತು ಗಂಟೆ ನಿಂತು ನಿಂತು ಮೀನಖಂಡದ ನರಗಳು ಗಂಟು ಕಟ್ಟಿಕೊಂಡಿದ್ದವು. ಸಂಜೆ ಮನೆಗೆ ಬಂದವನು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಿದ್ದ. ಹೆಂಡತಿ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ದಿನಾ ಒಂದೇ ರಾಗ ತೆಗೆಯುತ್ತಿದ್ದಳು.

"ನೋಡ್ಕೊಳ್ಳಿ ನಿಮ್ಮ ಕಾಲು, ಗೋಡೆ ಮೇಲೆ ಬಳ್ಳಿ ಹಬ್ಬಿದ ಹಾಗಿದೆ. ಕೆಲಸ ಮಾಡಿದ್ರೆ ಆರೋಗ್ಯ ಅಂತ ನಿಮ್ಮ ಡಾಕ್ಟ್ರು ಹೇಳ್ತಾರೆ. ಅವರು ಕೂತು ಕೆಲಸ ಮಾಡ್ತಾರೆ ರೀ, ಹೇಳ್ತಾರೆ. ನಿಂತವರನ್ನ ಕೇಳಲಿ."

"ನಾನು ಬಿಟ್ರೆ ಅಲ್ಲಿ ನಡೆಯಲ್ಲ."

"ಅಜ್ಜಿ ಕೋಳಿ ಕೂಗದಿದ್ರೆ ಊರಿಗೆ ಬೆಳಗಾಗಲ್ಲ ಅಂದ್ಕೊಂಡಿದೀರಾ? ನೀವು ಸತ್ರೆ ಏನ್ಮಾಡ್ತಾರೆ? ನಿಮ್ಮ ಹೆಣ ಎತ್ತೋ ಮುಂಚೆ ಇನ್ನೊಬ್ಬರನ್ನ ಇಟ್ಕೋತಾರೆ."

ಅವನು ನೀರಿನಲ್ಲಿ ಕಾಲು ಆಡಿಸುತ್ತಿದ್ದ. ನಿಜ ಏನೆಂದು ಹೆಂಡತಿಗೂ ಹೇಳಿರಲಿಲ್ಲ. ಅವಳ ಬಾಯಿಗೆ ಬಿದ್ದ ಮಾತು ನಲ್ಲಿಯ ಹತ್ತಿರ ಹೋಗಿಯೇ ಹೋಗುತ್ತದೆ, ಅಲ್ಲಿಂದ ಬೀದಿಗೆ.

ಕೊನೆಗೆ ಅವಳೇ ಉಪಾಯ ಮಾಡಿದಳು. "ಪೂರ್ತಿ ಬಿಡಬೇಡಿ. ಹದಿನೈದು ದಿನ ರಜೆ ಹಾಕಿ ನೋಡಿ. ಮನೇಲಿ ಹುಚ್ಚು ಹಿಡಿಯುತ್ತೆ ಅನ್ನಿಸಿದ್ರೆ ವಾಪಸ್ ಹೋಗಿ, ನಾನು ಉಸಿರೆತ್ತಲ್ಲ. ಹಾಯಾಗಿದೆ ಅನ್ನಿಸಿದ್ರೆ ಬಿಟ್ಬಿಡಿ. ಬಟ್ಟೆ ತಗೊಳ್ಳೋ ಮುಂಚೆ ಹಾಕ್ಕೊಂಡು ನೋಡಲ್ವಾ, ಹಾಗೆ."

ಅಂದು ರಾತ್ರಿಯೆಲ್ಲ ಮೀನಖಂಡ ಹಿಡಿದುಕೊಂಡು ನರಳಿದ ಅವನು ಬೆಳಗಾಗುವ ಹೊತ್ತಿಗೆ ಹೂಂ ಅಂದಿದ್ದ. ಆದರೆ ಹೋಗುವ ಮುಂಚೆ ಡಾಕ್ಟರಿಗೆ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡ. ತಾನಿಲ್ಲದ ಹದಿನೈದು ದಿನ ಕ್ಲಿನಿಕ್ಕಿಗೆ ಬೀಗ ಹಾಕಿ, ತಾವೂ ಒಂದು ಸಲ ತಲೆ ತೋರಿಸಿಕೊಳ್ಳಿ ಎನ್ನಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದ.

ಡಾಕ್ಟರು ರಜೆ ಎಂದು ಕೇಳಿದ್ದೇ ಕುರ್ಚಿಯಿಂದ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಹೋಗಪ್ಪಾ, ಧಾರಾಳವಾಗಿ ಹೋಗು. ಮೂವತ್ತೆಂಟು ವರ್ಷದಲ್ಲಿ ನೀನಾಗೇ ಕೇಳಿದ ಮೊದಲನೇ ರಜೆ. ಆದ್ರೆ ವಾಪಸ್ ಬರಬೇಕು. ನಾವಿಬ್ರೂ ಜೋಡಿ ಎತ್ತು ಇದ್ದ ಹಾಗೆ. ಒಂದು ಮಲಗಿದ್ರೆ ಇನ್ನೊಂದೂ ಮಲಗುತ್ತೆ."

"ಸಾರ್, ಇನ್ನೊಂದು ಮಾತು..."

"ಹೇಳು."

ಅವರ ಕಣ್ಣುಗಳು ನಗುತ್ತಿದ್ದವು. ಕಾಂಪೌಂಡರ್ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದ, ತನ್ನ ಚಪ್ಪಲಿ ನೋಡಿದ. "ಏನಿಲ್ಲ ಸಾರ್. ಬದಲಿಗೆ ಒಬ್ಬರನ್ನ ಇಟ್ಟು ಹೋಗ್ತೀನಿ" ಎಂದುಬಿಟ್ಟ. ಒಂದು ಸಾವು ಅಲ್ಲೇ, ಆ 'ಏನಿಲ್ಲ'ದಲ್ಲೇ ನಿಶ್ಚಯವಾಯಿತು. ಅದು ಅವನಿಗೆ ಆಗ ಗೊತ್ತಾಗಲಿಲ್ಲ.

ಬದಲಿಗೆ ಬಂದವಳು ನಲವತ್ತರ ಹೆಂಗಸು. ಮುಚ್ಚಿಹೋದ ಒಂದು ಮೆಡಿಕಲ್ ಶಾಪಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದಳು. ಚುರುಕಿನವಳು, ಮಾತು ಕಡಿಮೆ. ಅರ್ಧ ದಿನದಲ್ಲಿ ಯಾವ ಡಬ್ಬಿ ಯಾವ ಹಲಗೆಯಲ್ಲಿದೆ ಎಂದು ಬಾಯಿಪಾಠ ಮಾಡಿಕೊಂಡಳು. ಕೊನೆಗೆ ಕೇಳಿದಳು:

"ಅಣ್ಣ, ಚೀಟೀಲಿ ಏನಾದ್ರೂ ಸಂಶಯ ಬಂದ್ರೆ?"

ನೋಡಿ, ಇದು ಎರಡನೇ ಅವಕಾಶ. ದೇವರು ಕೂಡ ಇಷ್ಟು ಧಾರಾಳವಾಗಿ ಅವಕಾಶ ಕೊಡುವುದಿಲ್ಲ. ಆದರೆ ಕಾಂಪೌಂಡರ್‌ಗೆ, ನಿನ್ನೆ ಮೊನ್ನೆ ಬಂದ ಪರಕೀಯಳ ಎದುರಿಗೆ ಡಾಕ್ಟರ ಮಾನ ಕಳೆಯುವುದು ಎಂದರೆ ತನ್ನ ತಂದೆಯನ್ನು ಬೀದಿಯಲ್ಲಿ ನಿಲ್ಲಿಸಿದಂತೆ ಅನ್ನಿಸಿತು. ಎದೆ ಸೆಟೆಸಿ ಹೇಳಿದ:

"ಇಲ್ಲಿ ಸಂಶಯ ಬರೋ ಹಾಗಿಲ್ಲ ತಂಗಿ. ಮೂವತ್ತೆಂಟು ವರ್ಷದಲ್ಲಿ ನನಗೆ ಒಂದು ಸಲವೂ ಬಂದಿಲ್ಲ. ಬರೆದದ್ದನ್ನ ಬರೆದ ಹಾಗೇ ಕೊಡು. ನಡುವೆ ಹೋಗಿ ಪ್ರಶ್ನೆ ಕೇಳಬೇಡ, ಅವರಿಗೆ ಬೇಜಾರಾಗುತ್ತೆ."

ಹದಿನೈದೇ ದಿನ, ಅಷ್ಟರಲ್ಲಿ ಏನಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ನಡೆದ.

ಮೊದಲ ಮೂರು ದಿನ ಮನೆಯಲ್ಲಿ ಬೆಕ್ಕಿನ ಹಾಗೆ ಸುತ್ತಿದ. ಎಂಟೂವರೆಗೆ ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋಗಿ ಮತ್ತೆ ಬಿಚ್ಚಿಟ್ಟ. ಹೆಂಡತಿಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ. ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದು ಬರೆದದ್ದನ್ನು ನೋಡಿ ಅವಳು, "ಊಟಕ್ಕೆ ಮುಂಚೆಯೋ ಆಮೇಲೆಯೋ ಅದನ್ನೂ ಬರೀರಿ" ಎಂದು ನಕ್ಕಳು. ನಾಲ್ಕನೆಯ ದಿನ ಮಧ್ಯಾಹ್ನ ಊಟ ಮಾಡಿ ಸುಮ್ಮನೆ ಚಾಪೆಯ ಮೇಲೆ ಒರಗಿದವನಿಗೆ ನಿದ್ದೆ ಬಂತು. ನಲವತ್ತು ವರ್ಷದಲ್ಲಿ ಮೊದಲ ಮಧ್ಯಾಹ್ನದ ನಿದ್ದೆ. ಎದ್ದಾಗ ಐದು ಗಂಟೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಆ ಹೊತ್ತಿನಲ್ಲಿ ತನ್ನ ಮನೆಯೊಳಗೆ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ದಿನಾ ನಿದ್ದೆ ಬಂತು. ಕಾಲಿನ ಊತ ಇಳಿಯಿತು. ಸಂಜೆ ಹೆಂಡತಿಯ ಜೊತೆ ನದಿಯ ದಂಡೆಯ ತನಕ ನಡೆದ, ನೋವಿಲ್ಲದೆ. ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಇಬ್ಬರೂ ನೀರು ನೋಡಿದರು. ಒಂಬತ್ತನೆಯ ದಿನ ರಾತ್ರಿ ಮಲಗುವಾಗ, ಇಡೀ ದಿನ ಕ್ಲಿನಿಕ್ ನೆನಪಿಗೇ ಬರಲಿಲ್ಲ ಎಂಬುದು ನೆನಪಾಯಿತು. ತಾನು ಸುಖವಾಗಿದ್ದೇನೆ ಎಂದು ಅವನಿಗೆ ತಿಳಿಯಿತು. ಹದಿನಾರನೆಯ ದಿನ ಹೋಗಿ ಕೆಲಸ ಬಿಡುತ್ತೇನೆ ಎಂದು ಹೇಳುವುದು, ಅದೇ ಉಸಿರಿನಲ್ಲಿ ನೀವೂ ಬಿಡಿ ಸಾರ್ ಎನ್ನುವುದು. ಸುಖವಾಗಿರುವವನಿಗೆ ಧೈರ್ಯವೂ ಸುಲಭವಾಗಿ ಬರುತ್ತದೆ.

ಹನ್ನೆರಡನೆಯ ದಿನ ಊಟದ ಹೊತ್ತಿಗೆ ಮೆಡಿಕಲ್ ಶಾಪಿನ ಹೆಂಗಸು ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಣ್ಣ, ಇಸ್ತ್ರಿಯಮ್ಮನ್ನ ದೊಡ್ಡಾಸ್ಪತ್ರೆಗೆ ಸೇರಿಸಿದಾರೆ. ಬಾಯಿ ತುಂಬ ಹುಣ್ಣು, ಜ್ವರ, ರಕ್ತ ಪೂರ್ತಿ ಕಮ್ಮಿಯಾಗಿದೆಯಂತೆ. ಮಾತ್ರೆಯಿಂದ ಆಗಿದ್ದು ಅಂತಿದಾರೆ."

ಇಸ್ತ್ರಿಯಮ್ಮ ಎಂದರೆ ಕ್ಲಿನಿಕ್ಕಿನಿಂದ ಮೂರನೇ ಬಾಗಿಲಿನವಳು. ಕ್ಲಿನಿಕ್ಕಿನ ಇಬ್ಬರ ಬಿಳಿ ಕೋಟುಗಳೂ ಅವಳ ಮೇಜಿನ ಮೇಲೆಯೇ ಗರಿಗರಿಯಾಗುತ್ತಿದ್ದವು. ಐವತ್ತೆಂಟು ವಯಸ್ಸು. ಈಚೆಗೆ ಬೆರಳಿನ ಗಂಟುಗಳು ಊದಿಕೊಂಡು, ಇಸ್ತ್ರಿಪೆಟ್ಟಿಗೆಯ ಹಿಡಿ ಹಿಡಿಯಲಾರದೆ ಅದಕ್ಕೆ ಬಟ್ಟೆ ಸುತ್ತಿಕೊಂಡು ಎರಡು ಕೈಯಲ್ಲಿ ತಳ್ಳುತ್ತಿದ್ದಳು.

"ಯಾವ ಮಾತ್ರೆ?" ಎಂದ ಕಾಂಪೌಂಡರ್.

"ಕೀಲುನೋವಿನ ಆ ಹಳದಿ ಮಾತ್ರೆ. ನೀವು ರಜೆ ಹಾಕಿದ ಎರಡನೇ ದಿನ ಡಾಕ್ಟ್ರು ಹೊಸದಾಗಿ ಶುರು ಮಾಡಿದ್ರು."

ಆ ಮಾತ್ರೆ ವಾರಕ್ಕೆ ಒಂದು ಸಲ. ಒಂದೇ ಸಲ. ದಿನಾ ತೆಗೆದುಕೊಂಡರೆ ಅದು ಔಷಧವಲ್ಲ, ವಿಷ. ಈ ಮೂರು ವರ್ಷದಲ್ಲಿ ಡಾಕ್ಟರು ಅದನ್ನು ದಿನಕ್ಕೊಂದು ಎಂದು ನಾಲ್ಕು ಸಲವಾದರೂ ಬರೆದಿದ್ದರು. ನಾಲ್ಕು ಸಲವೂ ಅವನು ತಿದ್ದಿದ್ದ.

"ದಿನಕ್ಕೊಂದು ಅಂತ ಬರೆದಿದ್ರಾ?"

"ಹೂಂ. ನನಗೆ ಸಂಶಯ ಬಂತು ಅಣ್ಣ. ಶಾಪಲ್ಲಿ ಅದನ್ನ ವಾರಕ್ಕೊಂದು ಅಂತ್ಲೇ ಕೊಡ್ತಿದ್ವಿ. ಆದ್ರೆ ನೀವು ಹೇಳಿದ್ರಲ್ಲ, ಇಲ್ಲಿ ಸಂಶಯ ಬರೋ ಹಾಗಿಲ್ಲ ಅಂತ. ಇವರ ಚಿಕಿತ್ಸೆ ಬೇರೆ ಇರಬಹುದು ಅಂದ್ಕೊಂಡೆ." ಅವಳು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. "ಆದ್ರೂ ಮನಸ್ಸು ತಡೀಲಿಲ್ಲ. ಎರಡು ದಿನ ಬಿಟ್ಟು ನಿಮಗೆ ಫೋನ್ ಮಾಡಿದ್ದೆ. ಅಕ್ಕ ಎತ್ತಿದ್ರು. ಮಲಗಿದಾರೆ, ಯಾವತ್ತೂ ಮಲಗದೋರು ಮಲಗಿದಾರೆ, ಅರ್ಜೆಂಟಾ ಅಂತ ಕೇಳಿದ್ರು. ಅರ್ಜೆಂಟೇನಿಲ್ಲ ಅಂದೆ."

ಕಾಂಪೌಂಡರ್ ತಿರುಗಿ ನೋಡಿದ. ಹೆಂಡತಿ ಒಳಗೆ ತಟ್ಟೆ ಇಡುತ್ತಿದ್ದಳು. "ಈ ಫೋನಿನ ಮಾತು ಅವಳಿಗೆ ಹೇಳಬೇಡ" ಎಂದು ಪಿಸುಗುಟ್ಟಿ ಚಪ್ಪಲಿ ಹಾಕಿಕೊಂಡ. ಮುಚ್ಚಿಡುವ ಚಟ ಅಷ್ಟು ಬೇಗ ಬಿಡುವಂಥದ್ದಲ್ಲ.

ಆಸ್ಪತ್ರೆಯಲ್ಲಿ ಇಸ್ತ್ರಿಯಮ್ಮನನ್ನು ಗಾಜಿನ ಬಾಗಿಲಿನ ಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದ್ದರು. ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡು ಐದು ನಿಮಿಷ ಒಳಗೆ ಹೋಗಬಹುದು ಎಂದರು. ಅವಳ ತುಟಿಗಳು ಒಡೆದು ಕಪ್ಪಾಗಿದ್ದವು. ನೀರು ಕೂಡ ನುಂಗಲಾರದೆ ಸೂಜಿಯಲ್ಲಿ ಹರಿಸುತ್ತಿದ್ದರು. ಬಟ್ಟೆಯ ಮೇಲಿನ ಕಣ್ಣು ನೋಡಿಯೇ ಅವನನ್ನು ಗುರುತು ಹಿಡಿದಳು. ಬೆರಳು ಎತ್ತಿ ತೋರಿಸಿದಳು. ಗಂಟುಗಳ ಊತ ಇಳಿದಿತ್ತು. ಆಮೇಲೆ ಏನೋ ಹೇಳಲು ಬಾಯಿ ತೆರೆದಳು. ಕೇಳಿಸದೆ ಅವನು ಬಗ್ಗಿದ.

"ಕಾಲು... ವಾಸಿ ಆಯ್ತಾ?"

ಅವನ ರಜೆಯ ವಿಷಯ ಅವಳಿಗೆ ಗೊತ್ತಿತ್ತು. ಅವನು ತಲೆಯಾಡಿಸಿದ. ವಾಸಿಯಾಗಿತ್ತು. ಅವಳು ಒಂದೊಂದು ದಿನ ಒಂದೊಂದು ಮಾತ್ರೆ ನುಂಗುತ್ತಿದ್ದಾಗ ಅವನ ಕಾಲು ಒಂದೊಂದು ದಿನ ಒಂದಿಷ್ಟು ವಾಸಿಯಾಗಿತ್ತು. ಹೊರಗೆ ಬಂದವನು ಕಾರಿಡಾರಿನ ಕೊನೆಯ ತನಕ ಹೋಗಿ, ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು ವಾಂತಿ ಮಾಡಿಕೊಂಡ.

ಐದನೆಯ ದಿನ ಅವಳು ಸತ್ತಳು.

ಮಣ್ಣು ಮಾಡಿ ಬಂದ ಮಧ್ಯಾಹ್ನವೇ ಅವಳ ಮಗ ಕ್ಲಿನಿಕ್ಕಿನ ಮುಂದೆ ನಿಂತ, ಬೆನ್ನ ಹಿಂದೆ ಅರ್ಧ ಬೀದಿ. ಅವನ ಕೈಯಲ್ಲಿ ಮಾತ್ರೆಯ ಖಾಲಿ ಕವರಿತ್ತು, ಅದರ ಮೇಲೆ ಮೆಡಿಕಲ್ ಶಾಪಿನ ಹೆಂಗಸಿನ ಅಕ್ಷರ. "ನಮ್ಮ ಡಾಕ್ಟ್ರು ಹೀಗೆ ಬರೆಯೋರೇ ಅಲ್ಲ. ಇವಳು ಓದೋಕೆ ಬರದೆ ಕೊಂದಿದಾಳೆ!" ಎಂದು ಅವನು ಕೂಗುತ್ತಿದ್ದ. ಜನವೂ ಹೌದು ಹೌದು ಎಂದರು. ಬೀದಿಗೆ ನೆನಪಿರುವಷ್ಟು ಕಾಲ ತಪ್ಪೇ ಬಾರದ ಕ್ಲಿನಿಕ್ಕು, ಹೊಸಬಳು ಬಂದ ಎರಡನೇ ದಿನ ತಪ್ಪು. ಇದಕ್ಕೆ ಬುದ್ಧಿವಂತರು ಬೇಕೇ? ಅವಳು ಔಷಧದ ಕೋಣೆಯ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಡಾಕ್ಟರೂ ಗಾಬರಿಯಿಂದ, "ನಾನು ವಾರಕ್ಕೊಂದು ಅಂತ್ಲೇ ಬರೆದಿರ್ತೀನಮ್ಮ. ನಲವತ್ತು ವರ್ಷದಿಂದ ಹಾಗೇ ಬರೀತಿರೋದು" ಎನ್ನುತ್ತಿದ್ದರು. ಅದು ಸುಳ್ಳಲ್ಲ, ಅವರು ಹಾಗೆಂದೇ ನಂಬಿದ್ದರು.

ಕಾಂಪೌಂಡರ್ ಜನರ ನಡುವೆ ತೂರಿಕೊಂಡು ಒಳಗೆ ಬಂದ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಡಾಕ್ಟರು ಉಳಿಯುತ್ತಿದ್ದರು, ಅವನೂ ಉಳಿಯುತ್ತಿದ್ದ, ಊರಿಗೆ ಬೇಡದ ಒಬ್ಬ ಹೆಂಗಸು ಹೋಗುತ್ತಿದ್ದಳು. ಅವನು ಒಂದು ಕ್ಷಣ ಅದನ್ನೂ ಯೋಚಿಸಿದ. ಯೋಚಿಸಲಿಲ್ಲ ಎಂದರೆ ಅವನೇ ಒಪ್ಪುವುದಿಲ್ಲ.

"ಚೀಟಿ ಇಟ್ಟಿದೀಯಾ ತಂಗಿ?"

ಅವಳು ಡ್ರಾಯರಿನಿಂದ ತೆಗೆದುಕೊಟ್ಟಳು. ಅವನು ಡಾಕ್ಟರ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆ ಮಾಡಿ, ಚೀಟಿಯನ್ನು ಮೇಜಿನ ಮೇಲಿಟ್ಟ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. ಮತ್ತೆ ಓದಿದರು.

"ನನ್ನ ಅಕ್ಷರ."

"ಹೂಂ ಸಾರ್."

"ನಾನು ಹೀಗೆ ಬರೆದೆನಾ?"

"ಇದು ಮೊದಲನೇದಲ್ಲ ಸಾರ್. ಮೂರು ವರ್ಷದಿಂದ ಬರೀತಿದೀರಿ. ನಾನು ತಿದ್ದಿ ಕೊಡ್ತಿದ್ದೆ."

ಹೊರಗೆ ಗಲಾಟೆ ನಡೆಯುತ್ತಲೇ ಇತ್ತು. ಡಾಕ್ಟರ ಮುಖ ನೋಡನೋಡುತ್ತಾ ಮುದಿಯಾಯಿತು. ಅದುವರೆಗೆ ಅವರ ವಯಸ್ಸು ಆ ಮುಖದಲ್ಲಿ ಇರಲೇ ಇಲ್ಲ.

"ನಿನಗೆ ಗೊತ್ತಿತ್ತು" ಎಂದರು. "ಹೇಳಲಿಲ್ಲ."

"ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರಾಗ್ತಿತ್ತು. ಎಂಟು ದಿನ ಬೇಜಾರು ಮಾಡ್ಕೊಂಡು, ಬಾಗಿಲು ಹಾಕ್ಕೊಂಡು ಮನೇಲಿರ್ತಿದ್ದೆ. ಆಯಮ್ಮ ಬದುಕಿರ್ತಿದ್ಲು." ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ.

ಡಾಕ್ಟರು ಎದ್ದು, ಚೀಟಿ ಹಿಡಿದುಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಈಯಮ್ಮನ ತಪ್ಪಿಲ್ಲ. ನಾನೇ ಬರೆದದ್ದು. ನಿನ್ನ ತಾಯೀನ ನಾನೇ ಕೊಂದೆನಪ್ಪಾ." ಇಸ್ತ್ರಿಯಮ್ಮನ ಮಗ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತ. ಆಮೇಲೆ ಅವನು ಕೇಸು ಹಾಕಿದ, ಹಾಕಬೇಕಾದದ್ದೇ. ಡಾಕ್ಟರು ಅಂದೇ ಕ್ಲಿನಿಕ್ಕಿಗೆ ಬೀಗ ಹಾಕಿಸಿ, ಬೀಗದ ಕೈಯನ್ನು ಕಾಂಪೌಂಡರ್ ಕೈಗೆ ಕೊಟ್ಟು, ತಾವಿದ್ದ ತಂಗಿಯ ಮನೆಗೆ ನಡೆದು ಹೋದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಕಾಂಪೌಂಡರ್ ಹೇಗೋ ಬದುಕಿಕೊಳ್ಳುತ್ತಿದ್ದ. ಹೇಳಬೇಕಾದದ್ದನ್ನು ತಡವಾಗಿಯಾದರೂ ಹೇಳಿದೆ ಎಂಬ ಒಂದು ಕಡ್ಡಿಯಾದರೂ ಹಿಡಿದುಕೊಳ್ಳಲು ಇರುತ್ತಿತ್ತು.

ಮರುದಿನ ಬೆಳಗ್ಗೆ ಅವನು ತನ್ನ ಕೋಟು, ಚಹಾದ ಲೋಟ ತರೋಣವೆಂದು ಕ್ಲಿನಿಕ್ಕಿನ ಹತ್ತಿರ ಹೋದ. ಎಂಟೂವರೆಗೆ ಸರಿಯಾಗಿ ಡಾಕ್ಟರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ನಡಿಗೆ ಮುಗಿಸಿ, ತಣ್ಣೀರು ಸ್ನಾನ ಮಾಡಿ, ತಲೆ ಬಾಚಿ, ನೆಟ್ಟಗೆ ಬಂದರು.

"ಏನಪ್ಪಾ, ರಜೆ ಮುಗೀತಾ? ಇನ್ನೂ ಬಾಗಿಲೇ ತೆಗೆದಿಲ್ಲ?"

ತಮಾಷೆ ಎಂದುಕೊಂಡು ಅವನು ಅವರ ಕಣ್ಣು ನೋಡಿದ. ತಮಾಷೆಯಲ್ಲ. ನಿನ್ನೆಯ ದಿನ ಅವರ ತಲೆಯಲ್ಲಿ ಇರಲಿಲ್ಲ. ಮೂರು ವರ್ಷ ಹೇಳಲಾರದ ಮಾತನ್ನು ಅವನು ಮೆಟ್ಟಿಲ ಮೇಲೆ ನಿಂತು ಇನ್ನೊಂದು ಸಲ, ಮೊದಲಿನಿಂದ ಹೇಳಬೇಕಾಯಿತು. ಡಾಕ್ಟರು ಕೇಳುತ್ತಾ ಕೇಳುತ್ತಾ ಮೆಟ್ಟಿಲ ಮೇಲೆಯೇ ಕುಸಿದು ಕೂತು, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವನೇ ಕೈಹಿಡಿದು ಮನೆಗೆ ಬಿಟ್ಟು ಬಂದ.

ಅದರ ಮರುದಿನ ಮತ್ತೆ ಎಂಟೂವರೆಗೆ ಬಂದರು. ತಂಗಿಗೂ ವಯಸ್ಸಾಗಿದೆ, ತಡೆಯುವ ಶಕ್ತಿ ಇಲ್ಲ. ಮನೆಗೆ ಬೀಗ ಹಾಕಿದರೆ ಒಳಗಿನಿಂದ ಬಾಗಿಲು ಬಡಿದು ಬಡಿದು ಕೈ ಒಡೆದುಕೊಳ್ಳುತ್ತಾರೆ. ಮೂವತ್ತೆಂಟು ವರ್ಷ ನಡೆದ ಕಾಲಿಗೆ ದಾರಿ ನೆನಪಿತ್ತು, ತಲೆಗೆ ಮಾತ್ರ ಇಸ್ತ್ರಿಯಮ್ಮ ಸತ್ತದ್ದು ನೆನಪಿರಲಿಲ್ಲ.

"ದಿನಾ ಹೇಳಿ ಯಾಕೆ ಅಳಿಸ್ತೀರಿ? ಇವತ್ತು ರಜೆ ಅಂತ ಹೇಳಿ ಕಳಿಸಿ. ಪಾಪ, ಖುಷಿಯಾಗಿ ಹೋಗಲಿ" ಎಂದಳು ಹೆಂಡತಿ. ಸರಿಯಾದ ಮಾತು ಅನ್ನಿಸಿತು. ನಾಲ್ಕನೆಯ ಬೆಳಗ್ಗೆ ಹಾಗೇ ಹೇಳಿದ. "ಓ, ರಜೆಯಾ?" ಎಂದು ಡಾಕ್ಟರು ಸಂತೋಷವಾಗಿಯೇ ತಿರುಗಿದರು. ಕಾಂಪೌಂಡರ್ ನಿಟ್ಟುಸಿರು ಬಿಟ್ಟ. ಹತ್ತು ಹೆಜ್ಜೆ ಹೋಗಿಲ್ಲ, ಕೆಮ್ಮುತ್ತಾ ಬರುತ್ತಿದ್ದ ಒಬ್ಬ ದಾರಿಹೋಕನನ್ನು ನಿಲ್ಲಿಸಿ, ಅವನ ಬೆನ್ನು ತಟ್ಟಿ ನೋಡಿ, ಜೇಬಿನಿಂದ ಪೆನ್ನು ತೆಗೆದು ಏನೋ ಬರೆದು ಕೊಟ್ಟರು. ದುಂಡನೆಯ ಅಕ್ಷರ. ಕಾಂಪೌಂಡರ್ ಓಡಿಹೋಗಿ, ಆ ಮನುಷ್ಯನ ಕೈಯಿಂದ ಚೀಟಿ ಕಿತ್ತುಕೊಂಡ.

ಅವತ್ತಿನಿಂದ ಸುಳ್ಳು ಹೇಳಲಿಲ್ಲ, ನಿಜ ಕೇಳಿದ ದಿನ ಅವರು ಪೆನ್ನು ಮುಟ್ಟುತ್ತಿರಲಿಲ್ಲ. ಈಗ ನಾಲ್ಕು ತಿಂಗಳಾಯಿತು. ಕೆಲಸವಿಲ್ಲ, ಆದರೂ ದಿನಾ ಎಂಟೂವರೆಗೆ ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಾನೆ. ಕಾಲು ಮತ್ತೆ ಊದಿಕೊಂಡಿದೆ. ಡಾಕ್ಟರು ಬರುತ್ತಾರೆ, ಇನ್ನೂ ಗುಂಡುಕಲ್ಲಿನ ಹಾಗೇ ಇದ್ದಾರೆ, ಹೀಗೇ ನಡೆದರೆ ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ. ಅವನು ಚೀಟಿಯ ವಿಷಯ ಹೇಳುತ್ತಾನೆ, ಇಸ್ತ್ರಿಯಮ್ಮನ ವಿಷಯ ಹೇಳುತ್ತಾನೆ. ಅವರು ಪ್ರತಿ ದಿನವೂ ಮೊದಲನೇ ಸಲ ಕೇಳುತ್ತಾರೆ, ಪ್ರತಿ ದಿನವೂ ಮೊದಲನೇ ಸಲ ಅಳುತ್ತಾರೆ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ.

"ನಿನಗೆ ಮೊದಲೇ ಗೊತ್ತಿತ್ತಾ?"

ಇಲ್ಲ ಎಂದರೂ ನಡೆಯುತ್ತದೆ. ಏನು ಹೇಳಿದರೂ ನಾಳೆಯ ಹೊತ್ತಿಗೆ ಅವರಿಗೆ ನೆನಪಿರುವುದಿಲ್ಲ.

"ಗೊತ್ತಿತ್ತು ಸಾರ್" ಎನ್ನುತ್ತಾನೆ ಕಾಂಪೌಂಡರ್.